ಏರಿ ಬುಡದ ಹನ್ನೆರಡು ಸಾಲು

ಕಸ್ತೆರಾ, ಗ್ಯಾಸ್ಕನಿ
17 ಜೂನ್ 1976

ಪ್ರೀತಿಯ ಸೆರ್ನಿನ್ ಅಣ್ಣನಿಗೆ,

ಸಮಸ್ತ ಗ್ಯಾಸ್ಕನಿ ಸೀಮೆಯ ಪ್ರಜೆಗಳಿಗೂ, ಅವರ ಬಾತುಕೋಳಿಗಳಿಗೂ, ಫ್ರಾನ್ಸಿನ ಉತ್ತರ ಕಡಲತೀರದ ಮೂಳೆ ಆಸ್ಪತ್ರೆಯಲ್ಲಿ ಕಾಲನ್ನು ಸೂರಿಗೆ ತೂಗುಹಾಕಿಕೊಂಡು ಮಲಗಿರುವ ಒಬ್ಬ ರೋಗಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಒಂಬತ್ತೂಕಾಲರ ಶುಭಮುಹೂರ್ತದಲ್ಲಿ ನಿನ್ನ ತಂಗಿ ಮೈಲೀಸ್ ನಮ್ಮ ಮುಸುಕಿನ ಜೋಳದ ಹೊಲಕ್ಕೆ ಕೊನೆಯ ಹಿಡಿ ಒಣಹುಲ್ಲು ಹೊದಿಸಿದಳು. ತುತ್ತೂರಿ ಊದಲು ಯಾರೂ ಇರಲಿಲ್ಲ. ಒಂದು ಬಾತುಕೋಳಿ ಕೂಗಿತು. ಅದನ್ನೇ ಲೆಕ್ಕಕ್ಕೆ ಹಿಡಿದಿದ್ದೇನೆ.

ನೂರಾ ನಲವತ್ತು ಸಾಲು. ಸಾಲು ಸಾಲಿನ ನಡುವೆ ಅಂಗೈ ದಪ್ಪ ಹುಲ್ಲು. ಹೋದ ವರ್ಷದ ಬಣವೆ ಪೂರ್ತಿ ಮುಗಿಯಿತು. ನೀನು ಅದನ್ನು ಯಾವ ಮಹಾಕಾರ್ಯಕ್ಕೆ ಎತ್ತಿಟ್ಟಿದ್ದೆಯೋ ಗೊತ್ತಿಲ್ಲ, ಆ ಕಾರ್ಯ ಇದೇ ಎಂದು ತಿಳಿದುಕೋ. ಪುರಸಭೆಯ ಕಟ್ಟೆಯಲ್ಲಿ ಆ ಸಣಕಲು ಕೃಷಿ ಸಲಹೆಗಾರ ಮೂರು ಮಾತು ಹೇಳಿ ಹೋಗಿದ್ದ. ನೆಲ ಮುಚ್ಚಿ, ಬಿಸಿಲು ನೀರು ಕುಡಿಯದಂತೆ ಮಾಡಿ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ನೀರು ಹಾಯಿಸಿ. ಕಣ್ಣಿಗೆ ಒಣಗಿದೆ ಅನಿಸಿದ ಕೂಡಲೇ ತೂಬು ಎತ್ತಬೇಡಿ, ಗೇಣುದ್ದ ಬಗೆದು ಮಣ್ಣು ಹಿಂಡಿ ನೋಡಿ, ಉಂಡೆ ನಿಂತರೆ ಇನ್ನೂ ಹದ ಇದೆ. ಊರಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಏಪ್ರಿಲ್‌ನಿಂದ ಒಂದು ಹನಿ ಬಿದ್ದಿಲ್ಲ ಅಣ್ಣ. ನಗು ಎಷ್ಟು ದಿನ ಹಸಿಯಾಗಿರುತ್ತದೆ?

ಗಿರಣಿ ಮನೆಯ ಒನೊರೆ ಬೇಲಿಗೆ ಒರಗಿ ನಿಂತು ನೋಡುತ್ತಿದ್ದ.

"ಏನ್ ಮೈಲೀಸ್, ಜೋಳಕ್ಕೆ ಚಳಿಜ್ವರಾನಾ? ಕಂಬಳಿ ಹೊದಿಸ್ತಾ ಇದೀಯ."

"ಬಿಸಿಲಿಗೆ ಕೊಡೆ ಮಾವ ಇದು."

"ಸರಿ ಬಿಡು. ರಾತ್ರಿಗೆ ದಿಂಬೂ ಕೊಡು. ನಿಮ್ಮಣ್ಣ ಬಂದ್ ಮೇಲೆ ಮಂಚ ಹಾಕ್ತಾನೆ."

ನೀನು ಅವನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಯಾಕೆಂದು ಕೇಳುವುದನ್ನು ನಾನೂ ಬಿಟ್ಟಿದ್ದೇನೆ. ಆದರೆ ನಮ್ಮ ಹೊಲದ ತುದಿಗೆ ಇರುವುದು ಅವನ ಮನೆ, ನನಗೆ ಬಯ್ಯಲಿಕ್ಕಾದರೂ ಒಬ್ಬ ಮನುಷ್ಯ ಬೇಕು. ಟೆಲಿಫೋನಿಗೆ ಅರ್ಜಿ ಹಾಕಿ ನಾಲ್ಕು ವರ್ಷ ತುಂಬಿತು. ಅರ್ಜಿಗೆ ಹುಟ್ಟುಹಬ್ಬ ಮಾಡಿದೆ.

ಈ ಜೋಳ ಕೈಕೊಟ್ಟರೆ ಚಳಿಗಾಲಕ್ಕೆ ಮುನ್ನೂರು ಬಾತುಕೋಳಿಗೆ ಮೇವಿಲ್ಲ ಎಂಬುದು ನನಗೂ ಗೊತ್ತು. ನೀನು ಅದನ್ನು ಬರೆಯಬೇಡ.

ನಿನ್ನ ತಂಗಿ,
ಮೈಲೀಸ್


ಬೆರ್ಕ್ ಕಡಲತೀರ
24 ಜೂನ್ 1976

ಮೈಲೀಸ್,

ಹುಲ್ಲು ಹಾಸುವುದು ಬಾತುಕೋಳಿ ಮಲಗಲಿಕ್ಕೆ. ಜೋಳ ನಿಂತೇ ನಿದ್ದೆ ಮಾಡುತ್ತದೆ. ಹೋಗಲಿ, ಹಾಸಿದ್ದಾಯಿತು.

ನನ್ನ ಕಾಲಿಗೆ ಏಳು ಕಿಲೋ ತೂಕ ಕಟ್ಟಿ ಎಳೆಯುತ್ತಿದ್ದಾರೆ. ಆಗಸ್ಟ್ ಕೊನೆಯ ತನಕ ಇದೇ ಗತಿ. ಅಟ್ಟದ ಏಣಿಯಿಂದ ಬೀಳಲು ಎರಡು ಕ್ಷಣ ಸಾಕಾಗಿತ್ತು, ಏಳಲು ಒಂದು ಬೇಸಿಗೆ ಬೇಕಂತೆ. ಕಿಟಕಿಯಿಂದ ದಿನವಿಡೀ ಸಮುದ್ರ ನೋಡುತ್ತೇನೆ. ಇಷ್ಟು ನೀರು, ಒಂದು ಸಾಲಿಗೂ ಬಾರದು. ಪಕ್ಕದ ಮಂಚದಲ್ಲಿ ಒಬ್ಬ ಮೀನುಗಾರ. ಅವನಿಗೆ ನನ್ನ ಜೋಳದ ಕಥೆ ಹೇಳಿದರೆ, "ಯಜಮಾನ್ರೇ, ನಿಮ್ಮೂರಲ್ಲಿ ಗಿಡಕ್ಕೂ ನಾವೇ ನೀರ್ ಕುಡಿಸ್ಬೇಕಾ?" ಅಂತಾನೆ.

ಕೆಲಸದ ಮಾತು. ಜೋಳಕ್ಕೆ ಕೂದಲು ಮೂಡುವ ಹೊತ್ತಿಗೆ ಕೆರೆಯಲ್ಲಿ ನೀರು ಇರಲೇಬೇಕು. ಆ ಇಪ್ಪತ್ತು ದಿನ ತಪ್ಪಿದರೆ ತೆನೆ ಮುದುಕನ ಬಾಯಿಯ ಹಾಗೆ, ಅಲ್ಲೊಂದು ಹಲ್ಲು ಇಲ್ಲೊಂದು ಹಲ್ಲು. ಅಲ್ಲಿಯವರೆಗೆ ಜಿಪುಣತನ ಮಾಡು. ನಿನಗೆ ಅದು ಕಷ್ಟವಲ್ಲ.

ಇನ್ನೊಂದು. ಕೆರೆ ಏರಿಯ ಮೇಲೆ ಹಸು ಬಿಡಬೇಡ. ನೀನೂ ಸುಮ್ಮನೆ ಓಡಾಡಬೇಡ. ಯಾಕೆ ಎಂದು ಕೇಳಬೇಡ, ನಾನು ಹೇಳಿದೆ ಅಂತ.

ಸೆರ್ನಿನ್


ಕಸ್ತೆರಾ
1 ಜುಲೈ 1976

ಅಣ್ಣಾ,

ಟೋಪಿ ತೆಗೆದು ಓದು. ಆಸ್ಪತ್ರೆಯಲ್ಲಿ ಟೋಪಿ ಇಲ್ಲದಿದ್ದರೆ ಮೀನುಗಾರನದ್ದು ಎರವಲು ತೆಗೆದುಕೊಂಡು ಹಾಕಿ, ಆಮೇಲೆ ತೆಗೆ.

ಮೊದಲು ಐದು ದಿನಕ್ಕೊಮ್ಮೆ ತೂಬು ಎತ್ತುತ್ತಿದ್ದೆವು. ಈಗ ಒಂಬತ್ತು ದಿನ. ಅದೂ ಒಂದು ಸಾಲು ಬಿಟ್ಟು ಒಂದಕ್ಕೆ, ಬೆಳಗಿನ ತಂಪಿನಲ್ಲಿ. ಹುಲ್ಲು ಸರಿಸಿ, ಮೊಣಕೈ ತನಕ ಕೈಯಿಟ್ಟು, ಮಣ್ಣು ಹಿಂಡಿ, ಅದು ಉಂಡೆಯಾಯಿತೋ ಇಲ್ಲವೋ ಎಂದು ಪಾದ್ರಿಯ ಗಾಂಭೀರ್ಯದಿಂದ ನೋಡುತ್ತೇನೆ. ಉಗುರುಗಳ ವಿಷಯ ಬರೆಯುವುದಿಲ್ಲ.

ಈಗ ಮಹಾವಿಷಯ. ಏರಿ ಬುಡದ ಹನ್ನೆರಡು ಸಾಲು ಎದೆಯೆತ್ತರ ಬಂದಿವೆ. ಕಪ್ಪು ಹಸಿರು. ಮಧ್ಯಾಹ್ನದ ಉರಿಯಲ್ಲೂ ಎಲೆ ಸುರುಳಿ ಸುತ್ತುವುದಿಲ್ಲ. ಆ ಸಾಲುಗಳಿಗೆ ನಾನು ಎರಡು ವಾರದಿಂದ ನೀರೇ ಬಿಟ್ಟಿಲ್ಲ, ಮಣ್ಣು ಹಿಂಡಿದರೆ ಬೆರಳ ಸಂದಿಯಿಂದ ಜಿನುಗುತ್ತದೆ. ಹುಲ್ಲಿನ ಮಹಿಮೆ. ಗಿರಣಿ ಕಡೆಯ ಸಾಲುಗಳು ಮಾತ್ರ ಸೊಂಟದ ಮಟ್ಟ, ಮಧ್ಯಾಹ್ನ ಮುದುಡಿ ಸಂಜೆ ಬಿಚ್ಚಿಕೊಳ್ಳುತ್ತವೆ. ಊರಿನವರನ್ನು ಕರೆದು ತೋರಿಸುವಾಗ ಆ ಕಡೆ ಬೆನ್ನು ಮಾಡಿ ನಿಲ್ಲಿಸುತ್ತೇನೆ.

ಪತ್ರ ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡರೆ ನಿದ್ದೆ ಬರುತ್ತಿಲ್ಲ. ಕೆರೆಯೊಳಗೆ ಒಂದು ಕೋಲು ನೆಟ್ಟು ಗೆರೆ ಹಾಕಿದ್ದೇನೆ. ತೂಬು ಮುಚ್ಚಿದ ದಿನವೂ ನೀರು ಹೆಬ್ಬೆರಳಷ್ಟು ಇಳಿಯುತ್ತದೆ. ಬಿಸಿಲು ಅರ್ಧ ಕುಡಿಯಿತು ಎಂದೇ ಇಟ್ಟುಕೋ. ಉಳಿದ ಅರ್ಧ ಯಾರು ಕುಡಿದರು? ಒನೊರೆಯ ಹಿತ್ತಿಲಲ್ಲಿ ಹುರುಳಿಕಾಯಿ ಬಳ್ಳಿ ಹಸಿರಾಗಿದೆ. ನಾನು ಏನನ್ನೂ ಹೇಳುತ್ತಿಲ್ಲ. ಹಸಿರಾಗಿದೆ ಅಂತಷ್ಟೇ ಹೇಳುತ್ತಿದ್ದೇನೆ.

ಮೈಲೀಸ್


ಬೆರ್ಕ್
6 ಜುಲೈ 1976

ಮೈಲೀಸ್,

ಒನೊರೆ. ಮತ್ತಾರು? ನಿನ್ನ ಪತ್ರ ಓದಿ ಒಂದು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ಆ ಮನುಷ್ಯ ಹೋಟೆಲಿನಲ್ಲಿ ಹತ್ತು ಜನರ ಮುಂದೆ ನನಗೆ ಬುದ್ಧಿ ಹೇಳಿದವನು. ಈಗ ಕೊಳವೆ ಹಾಕಿ ನನ್ನ ಕೆರೆ ಹೀರುತ್ತಿದ್ದಾನೆ. ತೂಬಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕು. ಕೋಡಿಗೆ ಎರಡು ಹಲಗೆ ಅಡ್ಡ ನಿಲ್ಲಿಸು. ಮೇಲಿನ ಗುಡ್ಡದಲ್ಲಿ ಗುಡುಗು ಮಳೆ ಏನಾದರೂ ಬಿದ್ದರೆ ಒಂದು ಹನಿಯೂ ಕೋಡಿ ಬಿದ್ದು ಅವನ ಕಡೆ ಹರಿಯಬಾರದು.

ಹುಲ್ಲಿನ ವಿಷಯದಲ್ಲಿ ನಾನು ಸೋತೆ. ಹನ್ನೆರಡು ಸಾಲಿನ ಕಥೆಯನ್ನು ಮೀನುಗಾರನಿಗೆ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. "ಬೇಕಾದ್ರೆ ನನ್ ತಂಗೀನ ಕೇಳು" ಅಂದೆ.

ಸೆರ್ನಿನ್


ಕಸ್ತೆರಾ
12 ಜುಲೈ 1976

ಅಣ್ಣಾ,

ಬೀಗ ಹಾಕಿದೆ. ಹಲಗೆ ನಿಲ್ಲಿಸಿದೆ. ಶನಿವಾರ ಮೇಲಿನ ಗುಡ್ಡದಲ್ಲಿ ಮಳೆ ಸುರಿಯಿತು. ನಮ್ಮ ಹೊಲಕ್ಕೆ ಒಂದು ಹನಿಯಿಲ್ಲ, ಆದರೆ ಹಳ್ಳ ತುಂಬಿ ಬಂದು ಕೆರೆ ಹಲಗೆಯ ಅಂಚಿಗೆ ನಿಂತಿತು. ಬರಗಾಲದ ಜುಲೈನಲ್ಲಿ ತುಂಬಿದ ಕೆರೆ. ನಾನು ಏರಿಯ ಮೇಲೆ ನಿಂತು ಭಾಷಣ ಮಾಡಿದೆ. ಓಡಾಡಬೇಡ ಎಂದು ನೀನು ಹೇಳಿದ್ದು ನೆನಪಿತ್ತು. ಹಾಗಾಗಿ ನಿಂತೇ ಮಾಡಿದೆ.

ಇಲ್ಲಿಂದ ಮುಂದೆ ನನಗೆ ತಮಾಷೆ ಬರುತ್ತಿಲ್ಲ. ಬಂದಷ್ಟು ಬರೆಯುತ್ತೇನೆ.

ನಿನ್ನೆ ಭಾನುವಾರ ಹನ್ನೆರಡು ಸಾಲಿನೊಳಗೆ ಹೋದೆ. ಕಾಲು ಪಾದದ ತನಕ ಹೂತಿತು. ಹುಲ್ಲಿನ ಕೆಳಗೆ ಕಪ್ಪೆಗಳು. ಏರಿ ಬುಡದಲ್ಲಿ ಕಾಡು ಪುದೀನ ಇಷ್ಟೆತ್ತರ ಬೆಳೆದಿದೆ, ಯಾವಾಗ ಬೆಳೆಯಿತೋ ನಾನು ನೋಡಿಯೇ ಇಲ್ಲ. ಹುಲ್ಲು ಎತ್ತಿದರೆ ಕೆಳಗೆ ನೀರು ಹರಿಯುತ್ತಿದೆ. ಹೆಬ್ಬೆಟ್ಟಿನಷ್ಟು ದಪ್ಪದ ಹರಿವು, ತಿಳಿ ನೀರು. ನಾನು ಅದನ್ನು ಮತ್ತೆ ಮುಚ್ಚಿದೆ. ಯಾಕೆ ಮುಚ್ಚಿದೆ ಎಂದು ಕೇಳಬೇಡ.

ಇವತ್ತು ಬೆಳಿಗ್ಗೆ ಒನೊರೆ ಬೇಲಿ ಹತ್ತಿರ ಬಂದ. ನಾನು ಕಾದೇ ಇದ್ದೆ.

"ಮಾವ, ನಮ್ ಕೆರೆ ನೀರು ನಿಮ್ ಹುರುಳಿಕಾಯಿಗೆ ಹೆಂಗಿದೆ? ರುಚಿಯಾಗಿದ್ಯಾ?"

"ನಿಮ್ ಕೆರೆ ನೀರಾ? ಪಾತ್ರೆ ತೊಳೆದ ನೀರು ಕಣೇ ಅದು. ನಿಮ್ಮತ್ತೆ ಲುಸೆತ್ ಮೂರ್ ಹೊತ್ತೂ ಹೊತ್ತು ಹಾಕ್ತಾಳೆ. ಬೇಕಾದ್ರೆ ಅವಳ ಸೊಂಟಾನ ಕೇಳು."

"ಹಂಗಾದ್ರೆ ದಿನಾ ಹೆಬ್ಬೆರಳಷ್ಟು ಇಳಿಯೋ ನೀರು ಎಲ್ಲಿಗೆ ಹೋಗುತ್ತೆ?"

ಅವನು ನಗಲು ಬಾಯಿ ತೆರೆದ. ಆಮೇಲೆ ಹಸಿ ಕೆಸರು ಮೆತ್ತಿದ ನನ್ನ ಬೂಟು ನೋಡಿದ. ಬಾಯಿ ಹಾಗೇ ಮುಚ್ಚಿತು. ಬೇಲಿ ದಾಟಿ ಏರಿ ಬುಡದ ತನಕ ನಡೆದು, ನಾನು ಮುಚ್ಚಿದ್ದ ಹುಲ್ಲನ್ನು ಕೋಲಿನಿಂದ ಎತ್ತಿದ. ಅಣ್ಣಾ, ನೀರು ತಿಳಿಯಾಗಿರಲಿಲ್ಲ. ಹಾಲು ಹಾಕಿದ ಕಾಫಿಯ ಬಣ್ಣ.

"ಏರಿ ಮಣ್ಣು ಕರಗಿ ಬರ್ತಾ ಇದೆ. ಯಾವಾಗಿಂದ ಈ ಬಣ್ಣ?"

"ನಿನ್ನೆ ತಿಳಿಯಾಗಿತ್ತು."

"ನಿಮ್ಮಣ್ಣ ಆ ಬಿಲಕ್ಕೆ ಏನ್ ತುಂಬಿದ್ದು?"

"ಯಾವ ಬಿಲ?"

ಅವನು ನನ್ನ ಮುಖವನ್ನೇ ನೋಡಿದ. ಎರಡು ವರ್ಷದ ಹಿಂದೆ ನೀರುಹೆಗ್ಗಣಗಳು ಏರಿಯನ್ನು ಕೊರೆದಿದ್ದವಂತೆ. ಅವನು ಅದನ್ನು ಹೋಟೆಲಿನಲ್ಲಿ ಹೇಳಿದನಂತೆ. "ನಿನಗಿಂತ ಮುಂಚೆ ನೋಡಿದೀನಿ, ಕಲ್ಲು ಗಾರೆ ಹಾಕಿ ಮುಚ್ಚಿದೀನಿ, ಕೋಟೆ ಗೋಡೆ ಬೇಕಾದ್ರೂ ಕಟ್ಟಬಹುದು ಅದರ ಮೇಲೆ" ಅಂತ ನೀನು ಎಲ್ಲರೆದುರು ಹೇಳಿದೆಯಂತೆ.

"ಕಲ್ಲು ಗಾರೆ ಇದ್ರೆ ಭಯ ಇಲ್ಲ" ಅಂದ ಒನೊರೆ.

"ಕಲ್ಲು ಗಾರೆ ಇದ್ರೆ ಏನೂ ಆಗಲ್ಲ" ಅಂದೆ ನಾನೂ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಒಂದು ಕುಹಕವನ್ನೂ ಆಡದೆ ಹೊರಟುಹೋದ. ಒನೊರೆ ಹಾಗೆ ಹೋದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಅದೇ ನನಗೆ ಹೆದರಿಕೆ.

ಅವನು ಹೋದ ಮೇಲೆ ಏರಿಗೆ ಕಿವಿಯಿಟ್ಟೆ. ಒಳಗೆ ಯಾರೋ ತಟ್ಟೆಯಿಂದ ಸಾರು ಹೀರುವ ಸದ್ದು.

ಅವನ ಇಬ್ಬರು ಮೊಮ್ಮಕ್ಕಳು ರಜೆಗೆ ಬಂದಿದ್ದಾರೆ. ಗಿರಣಿಯ ಕೆಳಕೋಣೆಯಲ್ಲಿ ಮಲಗುತ್ತಾರೆ. ಅಲ್ಲಿ ತಂಪು ಎಂದು. ನಮ್ಮ ಏರಿಗೂ ಆ ಕೋಣೆಗೂ ನಡುವೆ ಇರುವುದು ನೂರಾ ನಲವತ್ತು ಸಾಲು ಜೋಳ, ಅಷ್ಟೇ.

ತೂಬು ಎತ್ತಿ ಕೆರೆಯನ್ನು ಖಾಲಿ ಮಾಡಲೇ? ಹತ್ತು ದಿನದಲ್ಲಿ ಜೋಳಕ್ಕೆ ಕೂದಲು ಮೂಡುತ್ತದೆ. ಒಂದು ಬೇಸಿಗೆ ಪೂರ್ತಿ ಹನಿಹನಿ ಕಾಪಾಡಿದ ನೀರು. ನಾಡಿದ್ದು ರಾಷ್ಟ್ರೀಯ ಹಬ್ಬ, ಅಂಚೆ ರಜೆ. ನೀನು ನಿಜವಾಗಿ ಕಲ್ಲು ಗಾರೆ ಹಾಕಿದ್ದೀಯ ತಾನೆ? ಹೌದು ಎಂದು ಒಂದೇ ಸಾಲು ಬರೆ. ನಾನು ನಂಬುತ್ತೇನೆ.

ಮೈಲೀಸ್


ಟೆಲಿಗ್ರಾಮ್
ಬೆರ್ಕ್, 15 ಜುಲೈ 1976, ಬೆಳಿಗ್ಗೆ 11.20

ತೂಬು ಪೂರ್ತಿ ಎತ್ತು. ಈಗಲೇ. ಏರಿ ಹತ್ತಬೇಡ. ಗಿರಣಿ ಖಾಲಿ ಮಾಡಿಸು. ಕಲ್ಲಿಲ್ಲ. ಗಾರೆಯಿಲ್ಲ. ಜೋಳದ ದಿಂಡು. ಸೆರ್ನಿನ್


ಬೆರ್ಕ್
15 ಜುಲೈ 1976, ಸಂಜೆ

ಮೈಲೀಸ್,

ಟೆಲಿಗ್ರಾಮ್ ತಲುಪಿತೆ? ಗಂಟೆಗೊಮ್ಮೆ ದಾದಿಯನ್ನು ಕೇಳುತ್ತಿದ್ದೇನೆ. "ಮಲಗಿ ಯಜಮಾನ್ರೇ, ಬಂದ್ರೆ ನಾನೇ ಓಡ್ಕೊಂಡು ಬರ್ತೀನಿ" ಅನ್ನುತ್ತಾಳೆ. ಅವಳು ಓಡುವವಳಲ್ಲ. ಕಾಲಿನ ಹಗ್ಗ ಬಿಚ್ಚಿಕೊಳ್ಳಲು ನೋಡಿದೆ. ಮೀನುಗಾರ ಕೂಗಿ ಜನ ಸೇರಿಸಿದ. ಈಗ ಕೈಯನ್ನೂ ಕಟ್ಟುತ್ತೇವೆ ಎಂದು ಹೆದರಿಸಿದ್ದಾರೆ.

ಬಿಲ ಇತ್ತು. ಒನೊರೆ ಹೇಳುವ ಮುಂಚೆ ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು ಎಂದು ಎಲ್ಲರೆದುರು ಹೇಳಿಬಿಟ್ಟೆ. ಹೇಳಿದ ಮೇಲೆ ಕಲ್ಲು ತರಿಸಿದರೆ ಊರು ನೋಡುತ್ತದಲ್ಲ, ಇವನು ಈಗ ಮುಚ್ಚುತ್ತಿದ್ದಾನೆ ಅಂತ. ಅಂಗಳದಲ್ಲಿ ಕಾಳು ಬಿಡಿಸಿದ ದಿಂಡಿನ ರಾಶಿ ಇತ್ತು. ಬೆಳಗಿನ ಮಂಜಿನಲ್ಲಿ ಎರಡು ಗಾಡಿ ತುಂಬಿ ಒಯ್ದು ಬಿಲಕ್ಕೆ ಜಡಿದೆ. ಮೇಲೆ ಕೆರೆಯ ಜೇಡಿ ಮೆತ್ತಿದೆ. ನಮ್ಮ ಸೀಮೆಯಲ್ಲಿ ದಿಂಡಿನಿಂದ ಮುಚ್ಚದ ತೂತು ಯಾವುದಿದೆ ಹೇಳು, ಪೀಪಾಯಿಯಿಂದ ಹಿಡಿದು ಕಿಟಕಿಯ ತನಕ. ನೀರಿನೊಳಗೆ ಅದು ಕೊಳೆಯುತ್ತದೆ ಎಂದು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆ ಇಳಿದಾಗ ಸರಿಯಾಗಿ ಕಟ್ಟಿಸೋಣ ಅಂದುಕೊಂಡೆ. ಎರಡು ಬೇಸಿಗೆ ಹೋಯಿತು.

ಕೆಟ್ಟದ್ದನ್ನು ಇನ್ನೂ ಬರೆದಿಲ್ಲ. ಕೋಲಿನ ಗೆರೆಯ ವಿಷಯ ನೀನು ಬರೆದ ದಿನವೇ ನನಗೆ ಆ ಬಿಲ ನೆನಪಾಗಿತ್ತು. ಕಳ್ಳ ಒನೊರೆಯೇ ಆಗಿರಲಿ ಎಂದು ಎಷ್ಟು ಆಸೆಯಿತ್ತೆಂದರೆ, ಹಲಗೆ ನಿಲ್ಲಿಸು ಎಂದು ಬರೆದೆ. ಕೆರೆ ತುಂಬಿಸಿದವನು ನಾನು.

ಒಂದೇ ಒಂದು ಶಬ್ದದ ಟೆಲಿಗ್ರಾಮ್ ಕಳಿಸು.

ಸೆರ್ನಿನ್


ಟೆಲಿಗ್ರಾಮ್
ಕಸ್ತೆರಾ, 17 ಜುಲೈ 1976, ಸಂಜೆ 5.10

ಇದ್ದೇವೆ. ಮೈಲೀಸ್


ಕಸ್ತೆರಾ
19 ಜುಲೈ 1976

ಅಣ್ಣಾ,

ಒಂದೇ ಶಬ್ದ ಸಾಕೆಂದು ನೀನು ಬರೆದ ಪತ್ರ ನನಗೆ ಸಿಕ್ಕಿದ್ದು ಇವತ್ತು. ನೋಡು, ಕೇಳದೆಯೇ ಕಳಿಸಿದ್ದೆ. ಈಗ ಉಳಿದ ಶಬ್ದಗಳು.

ನಿನ್ನ ಟೆಲಿಗ್ರಾಮ್ ಗುರುವಾರ ಮಧ್ಯಾಹ್ನ ಮೂರಕ್ಕೆ ಬಂತು. ತೂಬಿನ ಹತ್ತಿರ ಓಡಿದೆ. ಸರಪಳಿಯ ಬೀಗ ಬಿಚ್ಚಿತು, ಚಕ್ರ ಅಲ್ಲಾಡಲಿಲ್ಲ. ಅರ್ಧಕ್ಕಿಂತ ಹೆಚ್ಚು ಅದನ್ನು ನಾವು ಯಾವತ್ತೂ ತಿರುಗಿಸಿದವರಲ್ಲ, ಅಲ್ಲಿಂದಾಚೆ ತುಕ್ಕು. ಗಿರಣಿಗೆ ಓಡಿದೆ. ಅವರು ಊಟ ಮುಗಿಸಿ ಮರದ ನೆರಳಿನಲ್ಲಿ ಕೂತಿದ್ದರು. ಏದುಸಿರು ಬಿಡುತ್ತಲೇ ಕಾಗದ ಚಾಚಿದೆ.

"ಕನ್ನಡಕ ಒಳಗಿದೆ. ನೀನೇ ಓದು" ಅಂದ ಒನೊರೆ.

ಓದಿದೆ. ಅವನ ಹೆಂಡತಿಯ ಎದುರು, ಮಕ್ಕಳ ಎದುರು, ಒಂದೊಂದೇ ಶಬ್ದ.

"ದಿಂಡು ಅಂದ್ನಾ?"

"ಹೂಂ."

"ಕೋಳಿಗೂಡಿಗೆ ಹಾಕೋ ದಿಂಡು?"

"ಹೂಂ ಮಾವ."

ಅವನ ಕತ್ತಿನ ನರ ಉಬ್ಬಿತು. ಲುಸೆತ್ ಅತ್ತೆ ಎದ್ದು ನಿಂತಳು. "ಬೈಯೋದನ್ನ ಆಮೇಲೆ ಇಟ್ಕೊಳ್ಳಿ, ಕೆಡೋ ಪದಾರ್ಥ ಅಲ್ಲ ಅದು. ಮಕ್ಕಳ ಚಪ್ಪಲಿ ಎಲ್ಲಿ?"

ಚಪ್ಪಲಿ ಸಿಗಲಿಲ್ಲ. ಬರಿಗಾಲಿನಲ್ಲೇ ಅವರನ್ನು ನಮ್ಮ ಮನೆಗೆ, ದಿಬ್ಬದ ಮೇಲಕ್ಕೆ ಕರೆದೊಯ್ದಳು. ಒನೊರೆ ಗಿರಣಿಯ ಕಬ್ಬಿಣದ ಹಾರೆ ತಂದ. ತೂಬಿನ ಚಕ್ರ ಏರಿಯ ಬುಡದಲ್ಲಿದೆ, ನಿನಗೆ ಗೊತ್ತು. ನಾವಿಬ್ಬರೂ ಆ ತುಂಬಿದ ಕೆರೆಗೆ ಬೆನ್ನು ಕೊಟ್ಟು ನಿಂತು, ಚಕ್ರಕ್ಕೆ ಸಿಕ್ಕಿಸಿದ ಹಾರೆ ಎಳೆದೆವು. ಬೆನ್ನ ಹಿಂದೆ ಅದೇ ಸಾರು ಹೀರುವ ಸದ್ದು. ಎಳೆಯುವಾಗ ನಾನು ಬಾಯಿಗೆ ಬಂದ ಎಲ್ಲ ಸಂತರನ್ನೂ ಕರೆದೆ. ಒನೊರೆ ನಿನ್ನ ಹೆಸರೊಂದನ್ನೇ ಹೇಳುತ್ತಿದ್ದ, ಪ್ರತಿ ಎಳೆತಕ್ಕೆ ಒಂದು ಹೊಸ ವಿಶೇಷಣದ ಜೊತೆ. ಹನ್ನೊಂದನೆಯ ವಿಶೇಷಣಕ್ಕೆ ಚಕ್ರ ತಿರುಗಿತು.

ಎರಡು ದಿನ ನೀರು ಹಳ್ಳಕ್ಕೆ ಹೋಯಿತು. ನಾನು ಅಂಗಳದಲ್ಲಿ ಕೂತು ಆ ಸದ್ದು ಕೇಳಿದೆ. ಒಂಬತ್ತು ದಿನಕ್ಕೊಮ್ಮೆ, ಒಂದು ಸಾಲು ಬಿಟ್ಟು ಒಂದು ಸಾಲು ಎಂದು ಅಳೆದು ಕೊಟ್ಟ ನೀರು. ನಾನು ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ.

ಶನಿವಾರ ಮಧ್ಯಾಹ್ನ ಕೆರೆಯಲ್ಲಿ ಮೂರನೇ ಒಂದು ಪಾಲು ಉಳಿದಿದ್ದಾಗ, ಹನ್ನೆರಡು ಸಾಲಿನ ನೇರಕ್ಕೆ ಮಣ್ಣಿನ ಏರಿ ಕುಸಿದು ಕುಳಿತಿತು. ಸ್ಫೋಟವಲ್ಲ, ಗುಡುಗಲ್ಲ. ಮುದಿ ಎತ್ತು ನೆಲಕ್ಕೆ ಕೂರುವ ಹಾಗೆ, ಮುಂಗಾಲು ಮೊದಲು. ಆಮೇಲೆ ಉಳಿದ ನೀರೆಲ್ಲ ಒಟ್ಟಿಗೆ ಬಂತು. ಆ ಹನ್ನೆರಡು ಸಾಲು, ಊರಿಗೆಲ್ಲ ತೋರಿಸಿದ್ದೆನಲ್ಲ, ಒಂದು ಎಲೆಯೂ ಉಳಿದಿಲ್ಲ. ಅದರ ಕೆಳಗಿನ ಮೂವತ್ತು ಸಾಲು ಕೆಸರಿನಲ್ಲಿ ಮಲಗಿವೆ.

ಗಿರಣಿಯ ಕೆಳಕೋಣೆಗೆ ನಿನ್ನೆ ಹೋಗಿ ನೋಡಿದೆವು. ಎರಡು ಪುಟ್ಟ ಮಂಚ ಕಿಟಕಿಯ ಕೆಳಗಿದ್ದವು, ಈಗ ಎದುರಿನ ಗೋಡೆಗೆ ಒತ್ತಿಕೊಂಡು ಒಂದರ ಮೇಲೊಂದು ನಿಂತಿವೆ. ದಿಂಬಿನ ತನಕ ಕೆಸರು. ಇದು ಮೂರನೇ ಒಂದು ಪಾಲು ನೀರು ಮಾಡಿದ ಕೆಲಸ. ಒನೊರೆ ಆ ದಿಂಬು ಎತ್ತಿ, ನೋಡಿ, ಇದ್ದಲ್ಲೇ ಇಟ್ಟ. ಲುಸೆತ್ ಅತ್ತೆ ಮಾತ್ರ ಚಪ್ಪಲಿ ಹುಡುಕುತ್ತಲೇ ಇದ್ದಳು.

ಜೋಳದ ಸಮಾಚಾರ. ಗಿರಣಿ ಕಡೆಯ ಸುಮಾರು ತೊಂಬತ್ತು ಸಾಲು ನಿಂತಿವೆ, ಅಲ್ಲಿಗೆ ಬರುವ ಹೊತ್ತಿಗೆ ನೀರು ಹಳ್ಳದ ಕಡೆ ತಿರುಗಿಕೊಂಡು, ಹಳ್ಳದ ದಾರಿಯಲ್ಲೇ ಗಿರಣಿಗೆ ನುಗ್ಗಿತ್ತು. ನಾನು ನಾಚಿಕೆಯಿಂದ ಮುಚ್ಚಿಡುತ್ತಿದ್ದ ಸಾಲುಗಳೇ ಅವು. ಕೆರೆಯ ಸೋರಿಕೆ ಅವಕ್ಕೆ ಯಾವತ್ತೂ ಮುಟ್ಟಿರಲಿಲ್ಲ. ಕೊನೆಯ ಸಲ ನೀರು ಕೊಟ್ಟು ಹನ್ನೊಂದು ದಿನವಾಗಿದೆ. ಇವತ್ತು ಒನೊರೆಯ ಎದುರೇ ಹುಲ್ಲು ಸರಿಸಿ ಗೇಣುದ್ದ ಬಗೆದೆ. ಮಣ್ಣು ಹಿಂಡಿದೆ. ಉಂಡೆ ನಿಂತಿತು. ಅವನು ತಾನೂ ಹಿಂಡಿ ನೋಡಿದ. ಪಕ್ಕದ ಅವನ ಹೊಲದಲ್ಲಿ ಬಗೆದರೆ ಬೂದಿ.

"ನಿಮ್ಮನೇಲಿ ಸುಳ್ಳು ಹೇಳದೇ ಇರೋದು ಈ ಹುಲ್ಲು ಒಂದೇ ಕಣೇ" ಅಂದ.

ಇನ್ನೊಂದು ವಾರ ತಡೆಯಬಹುದು, ಹತ್ತು ದಿನ ಆದರೆ ಅದೃಷ್ಟ. ಕೂದಲು ಮೂಡಲು ಶುರುವಾಗಿದೆ. ಹಳ್ಳದ ಗುಂಡಿಗಳಲ್ಲಿ ನಿಂತ ನೀರನ್ನು ಪೀಪಾಯಿಯಲ್ಲಿ ತುಂಬಿ ಗಾಡಿಯಲ್ಲಿ ತಂದು, ಬುಡಬುಡಕ್ಕೆ ಚೊಂಬಿನಲ್ಲಿ ಹಾಕುತ್ತಿದ್ದೇವೆ. ಗಾಡಿ ಅವನದು, ಚೊಂಬು ನನ್ನದು. ಅರ್ಧ ಬೆಳೆ ಬಂದರೆ ಅರ್ಧ ಬಾತುಕೋಳಿ. ಬಾರದಿದ್ದರೆ ಆ ವಿಷಯ ನೀನೂ ಬರೆಯಬೇಡ, ನಾನೂ ಬರೆಯುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದಾನೆಯೇ ಎಂದು ಕೇಳಬೇಡ. ನಾನೇ ಇನ್ನೂ ತೀರ್ಮಾನ ಮಾಡಿಲ್ಲ. ಹಲಗೆ ನಿಲ್ಲಿಸಿದ ಕೈ ನನ್ನದು, ತಿಳಿ ನೀರನ್ನು ಹುಲ್ಲಿನಿಂದ ಮುಚ್ಚಿದ ಕೈಯೂ ನನ್ನದು. ಆದ್ದರಿಂದ ತೀರ್ಮಾನ ತಡವಾಗುತ್ತಿದೆ.

ಈಗ ಒಂದು ಸಣ್ಣ ಉಪಕಾರ ಮಾಡು. ಮುಂದಿನ ಬುಧವಾರ, 28ನೇ ತಾರೀಖು, ಊರಿನ ಆರು ಜನ ಏರಿಯ ಉಳಿದ ಭಾಗವನ್ನು ಅಗೆದು ಇಳಿಸಲು ಬರುತ್ತಾರೆ. ನೀನು ಒಂದು ಬಿಲ ಎಂದು ಬರೆದಿದ್ದೀಯ. ಕೊಳೆತ ದಿಂಡು ಎರಡು ಕಡೆ ಹೊರಬಂದಿದೆ, ನಡುವೆ ಇಪ್ಪತ್ತು ಹೆಜ್ಜೆ ಅಂತರ. ಈ ಹಾಳೆಯ ಹಿಂದೆ ನಾನು ಏರಿಯ ಗೆರೆ ಎಳೆದು, ಒಂದು ತುದಿಗೆ ತೂಬು, ಇನ್ನೊಂದು ತುದಿಗೆ ಕೋಡಿ ಗುರುತು ಹಾಕಿದ್ದೇನೆ. ನೀನು ದಿಂಡು ತುಂಬಿದ ಪ್ರತಿಯೊಂದು ಜಾಗಕ್ಕೂ ಒಂದು ಕತ್ತರಿ ಗುರುತು ಹಾಕು, ತೂಬಿನಿಂದ ಎಷ್ಟು ಹೆಜ್ಜೆ ಎಂದು ಬರೆ. ಮೊದಲು ಇಳಿಯುವವನು ಒನೊರೆ. ಅಂಚೆಚೀಟಿ ಹಚ್ಚಿದ ಲಕೋಟೆ ಒಳಗಿಟ್ಟಿದ್ದೇನೆ, ಶುಕ್ರವಾರದೊಳಗೆ ದಾದಿಯ ಕೈಯಲ್ಲಿ ಪೆಟ್ಟಿಗೆಗೆ ಹಾಕಿಸು.

ಮೈಲೀಸ್